ಬಾರ್‌ಕೋಡ್ ಚೀಟಿಯೂ ಸಣ್ಣ ಅಂಗಡಿಯ ಸ್ವಾವಲಂಬನೆಯೂ

ಹೊಸಪೇಟೆಯ ಕಿರಾಣಿ ಅಂಗಡಿ, ಹಂಪಿಗೆ ಬರುವ ಯಾತ್ರಿಕರನ್ನು ನಂಬಿಕೊಂಡ ಕರಕುಶಲ ಮಳಿಗೆ, ಸಂಡೂರಿನ ಗುಡ್ಡಗಳ ನಡುವಿನ ತಾಂಡಾಗಳಿಂದ ಕಸೂತಿ ಬಟ್ಟೆ ತರಿಸಿ ಮಾರುವ ಸಂಘ, ಕಂಪ್ಲಿಯ ಅಕ್ಕಿ-ಬೆಲ್ಲದ ಸಣ್ಣ ವ್ಯಾಪಾರ ಇವೆಲ್ಲದರ ಮುಂದೆ ಇಂದು ಒಂದೇ ಪ್ರಶ್ನೆ ನಿಂತಿದೆ. ಮಾಲಿನ ಮೇಲೆ ಬಾರ್‌ಕೋಡ್ ಅಂಟಿಸಬೇಕೇ? ಅಂಟಿಸುವುದಾದರೆ ಎಂತಹ ಚೀಟಿ, ಯಾವ ಯಂತ್ರ, ಯಾರ ಸಂಖ್ಯೆ? 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ಕಂಪ್ಯೂಟರ್ ಬಿಲ್ಲು ಸಣ್ಣ ಊರುಗಳಿಗೂ ಹಬ್ಬಿತು. ಅದರ ಬೆನ್ನಿಗೇ ಕಪ್ಪು-ಬಿಳಿ ಗೀರುಗಳ ಚೀಟಿಯೂ ಬಂದಿತು. ಮಾರಾಟಗಾರರ ಮಾತಿಗೆ ಮರುಳಾಗಿ ಯಂತ್ರ ಕೊಂಡು ಮೂಲೆಯಲ್ಲಿಟ್ಟವರಿದ್ದಾರೆ. ಇದು ಜಾಗತೀಕರಣದ ಹುನ್ನಾರವೆಂದು ಮುಟ್ಟದೆ ದೂರವಿಟ್ಟವರೂ ಇದ್ದಾರೆ. ಎರಡೂ ನಿಲುವುಗಳು ವಿಷಯವನ್ನು ಅರಿಯದೆ ತಳೆದ ನಿಲುವುಗಳೇ. ಚೀಟಿ ಚಿಕ್ಕದಾದರೂ ಅದರಲ್ಲಿ ದುಡಿದವರ ಹೆಸರು, ಸಂಘದ ಹಣ ಮತ್ತು ಊರಿನ ಕಸ ಈ ಮೂರೂ ಅಡಗಿವೆ. ಆದುದರಿಂದ ಅದನ್ನು ವಿಚಾರಿಸಿ ಆಯ್ದುಕೊಳ್ಳುವುದು ಅಗತ್ಯ.

ಗೀರುಗಳಲ್ಲಿ ಏನಿದೆ, ಏನಿಲ್ಲ

ಬಾರ್‌ಕೋಡಿನ ಕಲ್ಪನೆ ಹೊಸದಲ್ಲ. ಅಮೆರಿಕದ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಮತ್ತು ಬರ್ನಾರ್ಡ್ ಸಿಲ್ವರ್ ಎಂಬಿಬ್ಬರು 1949ರಲ್ಲಿ ಅರ್ಜಿ ಸಲ್ಲಿಸಿ 1952ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅಂಗಡಿಯ ಗಲ್ಲಾದ ಮೇಲೆ ಮೊದಲ ಬಾರಿಗೆ ಈ ಗೀರುಗಳನ್ನು ಯಂತ್ರ ಓದಿದ್ದು 1974ರ ಜೂನ್ 26ರಂದು, ಓಹಿಯೋ ರಾಜ್ಯದ ಟ್ರಾಯ್ ಎಂಬ ಪಟ್ಟಣದಲ್ಲಿ; ವಸ್ತು ಒಂದು ಚ್ಯೂಯಿಂಗ್ ಗಮ್ ಪೊಟ್ಟಣ. ಭಾರತದಲ್ಲಿ ಈ ಸಂಖ್ಯೆಗಳನ್ನು ಹಂಚಲು 1996ರಲ್ಲಿ ಸ್ಥಾಪಿತವಾದ ಸಂಸ್ಥೆ ಇಂದು ಜಿಎಸ್1 ಇಂಡಿಯಾ ಎಂಬ ಹೆಸರಿನಲ್ಲಿದೆ. ಅದು ನೀಡುವ ಸಂಖ್ಯೆಗಳು 890ರಿಂದ ಆರಂಭವಾಗುತ್ತವೆ.

ಇಲ್ಲಿಯೇ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. 890 ಇದ್ದರೆ ಅದು ಸ್ವದೇಶಿ ಮಾಲು ಎಂದು ಅನೇಕ ವಿದ್ಯಾರ್ಥಿಗಳೂ ನಂಬಿದ್ದಾರೆ. ಆ ಮೂರು ಅಂಕಿಗಳು ಹೇಳುವುದು ಇಷ್ಟೇ: ಸಂಖ್ಯೆಯನ್ನು ಕೊಟ್ಟದ್ದು ಭಾರತದ ಸಂಸ್ಥೆ. ಮಾಲು ಎಲ್ಲಿ ತಯಾರಾಯಿತು, ಯಾರು ತಯಾರಿಸಿದರು, ವಿಷ ಸಿಂಪಡಿಸಿ ಬೆಳೆದದ್ದೋ ಸಾವಯವವೋ, ಕೈಯಲ್ಲಿ ಹೊಲಿದದ್ದೋ ಯಂತ್ರದಲ್ಲೋ, ಇದಾವುದನ್ನೂ ಆ ಗೀರುಗಳು ಹೇಳಲಾರವು. ಬೆಲೆಯೂ ಸಾಮಾನ್ಯವಾಗಿ ಗೀರುಗಳ ಒಳಗಿರುವುದಿಲ್ಲ. ಗೀರುಗಳಲ್ಲಿ ಇರುವುದು ಕೇವಲ ಒಂದು ಸಂಖ್ಯೆ. ಹೆಸರು, ಬೆಲೆ, ದಾಸ್ತಾನು ಎಲ್ಲವೂ ಅಂಗಡಿಯ ಕಂಪ್ಯೂಟರಿನಲ್ಲೋ ಪುಸ್ತಕದಲ್ಲೋ ಬರೆದಿಟ್ಟ ಪಟ್ಟಿಯಲ್ಲಿರುತ್ತವೆ. ಯಂತ್ರವು ಸಂಖ್ಯೆಯನ್ನು ಓದಿ ಆ ಪಟ್ಟಿಯ ಸಾಲನ್ನು ತೆರೆಯುತ್ತದೆ. ಪಟ್ಟಿ ಸರಿಯಿಲ್ಲದ ಅಂಗಡಿಗೆ ಗೀರುಗಳು ಬಂದರೆ ತಪ್ಪುಗಳು ವೇಗವಾಗಿ ನಡೆಯುತ್ತವೆ, ಅಷ್ಟೇ.

ಸಂಖ್ಯೆ ಯಾರದು?

ಚೀಟಿಯ ಮಾತಿಗೆ ಮೊದಲು ಸಂಖ್ಯೆಯ ಮಾತು ತೀರ್ಮಾನವಾಗಬೇಕು. ಸಂಖ್ಯೆಗಳು ಎರಡು ಬಗೆ. ಮೊದಲನೆಯದು ಜಗತ್ತಿನ ಯಾವ ಅಂಗಡಿಯಲ್ಲೂ ಇನ್ನೊಂದು ಮಾಲಿನೊಂದಿಗೆ ಗೊಂದಲವಾಗದ ಸಂಖ್ಯೆ. ಇದನ್ನು ಜಿಎಸ್1 ಇಂಡಿಯಾದಲ್ಲಿ ಶುಲ್ಕ ಕಟ್ಟಿ ನೋಂದಾಯಿಸಿ ಪಡೆಯಬೇಕು; ಕಾಲಕಾಲಕ್ಕೆ ನವೀಕರಿಸಬೇಕು. ಎರಡನೆಯದು ಅಂಗಡಿಯು ತನ್ನೊಳಗಿನ ಬಳಕೆಗೆ ತಾನೇ ಕೊಟ್ಟುಕೊಳ್ಳುವ ಸಂಖ್ಯೆ. ಹದಿಮೂರು ಅಂಕಿಯ ಪದ್ಧತಿಯಲ್ಲಿ 20ರಿಂದ 29ರವರೆಗಿನ ಆರಂಭಗಳನ್ನು ಇದಕ್ಕಾಗಿಯೇ ಜಗತ್ತಿನಾದ್ಯಂತ ಬಿಟ್ಟುಕೊಡಲಾಗಿದೆ. ಇದಕ್ಕೆ ಯಾರ ಅನುಮತಿಯೂ ಬೇಡ, ಒಂದು ಪೈಸೆಯ ಶುಲ್ಕವೂ ಇಲ್ಲ.

ಮಾಲು ಸಂಘದ ಸ್ವಂತ ಅಂಗಡಿಯಲ್ಲೇ ಮಾರಾಟವಾಗುವುದಾದರೆ ಹಣ ಕೊಟ್ಟು ಸಂಖ್ಯೆ ಪಡೆಯುವ ಅಗತ್ಯವಿಲ್ಲ. ಬೆಂಗಳೂರಿನ ದೊಡ್ಡ ಮಳಿಗೆಗೋ ಅಂತರಜಾಲದ ಮಾರಾಟಕ್ಕೋ ಹೋಗುವ ಮಾಲಿಗೆ ಮಾತ್ರ ಅದು ಬೇಕಾದೀತು. ಆಗಲೂ ಪ್ರತಿಯೊಂದು ಸ್ವಸಹಾಯ ಗುಂಪೂ ಬೇರೆ ಬೇರೆಯಾಗಿ ಶುಲ್ಕ ಕಟ್ಟುವುದಕ್ಕಿಂತ ಒಕ್ಕೂಟವೊಂದು ಎಲ್ಲರ ಪರವಾಗಿ, ಒಂದೇ ಸಾಮಾನ್ಯ ಹೆಸರಿನಡಿ ನೋಂದಾಯಿಸುವುದು ಲೇಸು. ಅಗ್ಗದಲ್ಲಿ ಬಿಡಿ ಸಂಖ್ಯೆ ಮಾರುವ ದಲ್ಲಾಳಿಗಳಿಂದ ಕೊಂಡ ಸಂಖ್ಯೆಯ ಮೊದಲ ಅಂಕಿಗಳು ಬೇರೊಬ್ಬರ ಹೆಸರಿನಲ್ಲಿರುತ್ತವೆ. ದೊಡ್ಡ ಮಳಿಗೆ ಪರಿಶೀಲಿಸಿದ ದಿನ ಮಾಲು ಹಿಂದಕ್ಕೆ ಬರುತ್ತದೆ. ಅಂದಹಾಗೆ, ಪೊಟ್ಟಣದ ಮಾಲಿಗೆ ಕಾನೂನು ಕಡ್ಡಾಯ ಮಾಡಿರುವುದು ಗೀರುಗಳನ್ನಲ್ಲ. 2011ರ ಲೀಗಲ್ ಮೆಟ್ರಾಲಜಿ ನಿಯಮಗಳು ಕೇಳುವುದು ತಯಾರಕರ ಹೆಸರು-ವಿಳಾಸ, ಮಾಲಿನ ಹೆಸರು, ನಿವ್ವಳ ತೂಕ, ತಯಾರಾದ ತಿಂಗಳು-ವರ್ಷ, ತೆರಿಗೆಗಳೆಲ್ಲ ಸೇರಿದ ಗರಿಷ್ಠ ಬೆಲೆ ಮತ್ತು ದೂರು ಹೇಳಿಕೊಳ್ಳುವ ವಿಳಾಸ. ಗೀರುಗಳನ್ನು ಅಚ್ಚುಕಟ್ಟಾಗಿ ಮುದ್ರಿಸಿ ಇವುಗಳನ್ನು ಮರೆತರೆ ದಂಡ ತಪ್ಪದು.

ಸ್ವಂತ ಸಂಖ್ಯೆಯನ್ನು ಕಟ್ಟುವುದು ಹೈಸ್ಕೂಲಿನ ಮಕ್ಕಳಿಗೂ ಸಾಧ್ಯ. ಉದಾಹರಣೆಗೆ, 20 ಎಂಬುದು ಅಂಗಡಿಯ ಒಳಬಳಕೆಯ ಗುರುತು, 01 ಒಂದು ತಾಂಡಾ, 045 ಹೊಲಿದ ಸದಸ್ಯೆಯ ಕ್ರಮಾಂಕ, 00036 ಚೀಲದ ಕ್ರಮಾಂಕ ಎಂದಿಟ್ಟುಕೊಳ್ಳೋಣ. ಒಟ್ಟು ಹನ್ನೆರಡು ಅಂಕಿ: 200104500036. ಹದಿಮೂರನೆಯದು ಪರೀಕ್ಷಾ ಅಂಕಿ. ಬೆಸ ಸ್ಥಾನದ ಅಂಕಿಗಳನ್ನು ಕೂಡಿದರೆ 10. ಸಮ ಸ್ಥಾನದ ಅಂಕಿಗಳನ್ನು ಕೂಡಿದರೆ 11, ಅದರ ಮೂರರಷ್ಟು 33. ಒಟ್ಟು 43. ಮುಂದಿನ ಹತ್ತರ ಗುಣಕವಾದ 50ಕ್ಕೆ ಕೊರತೆ 7. ಅದೇ ಕೊನೆಯ ಅಂಕಿ: 2001045000367. ಯಾವುದೇ ಒಂದು ಅಂಕಿ ತಪ್ಪಿದರೂ ಲೆಕ್ಕ ಕೂಡದೆ ಯಂತ್ರ ಅದನ್ನು ತಿರಸ್ಕರಿಸುತ್ತದೆ. ಕೈಯಿಂದ ಟೈಪು ಮಾಡುವಾಗ ಪಕ್ಕದ ಎರಡು ಅಂಕಿಗಳು ಅದಲುಬದಲಾದರೂ ಬಹುಪಾಲು ಸಿಕ್ಕಿಬೀಳುತ್ತದೆ. ಅವುಗಳ ವ್ಯತ್ಯಾಸ ಸರಿಯಾಗಿ 5 ಆಗಿದ್ದಾಗ ಮಾತ್ರ ತಪ್ಪು ನುಸುಳುತ್ತದೆ.

ಈ ಪದ್ಧತಿಯ ನಿಜವಾದ ಪ್ರಯೋಜನ ಗಲ್ಲಾದ ವೇಗದಲ್ಲಿಲ್ಲ. ಚೀಲ ಮಾರಾಟವಾದ ಕ್ಷಣದಲ್ಲಿ 45ನೆಯ ಸದಸ್ಯೆಯ ಲೆಕ್ಕಕ್ಕೆ ಅದು ಸೇರುತ್ತದೆ. ತಿಂಗಳ ಕೊನೆಯಲ್ಲಿ ತನ್ನ ಎಷ್ಟು ವಸ್ತುಗಳು ಮಾರಿದವು, ಎಷ್ಟು ಉಳಿದವು ಎಂದು ಕೇಳಲು ಆಕೆಗೆ ಆಧಾರ ಸಿಗುತ್ತದೆ. ಅಕ್ಷರ ಬಾರದವಳಿಗೂ ತನ್ನ ಸಂಖ್ಯೆ ಗೊತ್ತಿದ್ದರೆ ಸಾಕು. ಬಾಯಿಲೆಕ್ಕದಲ್ಲಿ ಕಳೆದುಹೋಗುತ್ತಿದ್ದ ಕೂಲಿಯನ್ನು ಉಳಿಸುವುದಾದರೆ ಈ ಗೀರುಗಳನ್ನು ದೂರವಿಡುವ ಕಾರಣವಿಲ್ಲ. ಆದರೆ ಆ ಲೆಕ್ಕದ ಪುಸ್ತಕ ಆಕೆಗೂ ತೆರೆದಿರಬೇಕು. ಮಾರಾಟದ ಪಟ್ಟಿಯ ಒಂದು ಪ್ರತಿ ತಾಂಡಾಕ್ಕೂ ಹೋಗಬೇಕು. ವಿದ್ಯುತ್ತು ಕೈಕೊಟ್ಟ ದಿನ ಅದೇ ಪ್ರತಿ ಅಂಗಡಿಯನ್ನೂ ಕಾಯುತ್ತದೆ.

ಅಳತೆ ಮತ್ತು ಬಣ್ಣ

ಚೀಟಿಯ ಅಂದವನ್ನು ನೋಡಿ ಆರಿಸುವವರು ಮೊದಲು ಅಳತೆಯನ್ನು ತಿಳಿಯಬೇಕು. ಹದಿಮೂರು ಅಂಕಿಯ ಬಾರ್‌ಕೋಡಿನ ಪ್ರಮಾಣಬದ್ಧ ಗಾತ್ರ, ಎರಡೂ ಬದಿಯ ಖಾಲಿ ಜಾಗ ಸೇರಿ, 37.29 ಮಿಲಿಮೀಟರ್ ಅಗಲ ಮತ್ತು 25.93 ಮಿಲಿಮೀಟರ್ ಎತ್ತರ. ಇದನ್ನು ಶೇಕಡ 80ರವರೆಗೆ ಕಿರಿದು ಮಾಡಬಹುದು, ಶೇಕಡ 200ರವರೆಗೆ ಹಿರಿದು ಮಾಡಬಹುದು. ಎಡ-ಬಲದ ಬಿಳಿಯ ಜಾಗವನ್ನು ವ್ಯರ್ಥವೆಂದು ತಿಳಿದು ಅದರಲ್ಲಿ ಹೂಬಳ್ಳಿಯನ್ನೋ ಬೆಲೆಯನ್ನೋ ಅಚ್ಚು ಹಾಕಿಸಿದರೆ ಯಂತ್ರಕ್ಕೆ ಗೀರು ಎಲ್ಲಿ ಆರಂಭವಾಯಿತೆಂಬುದೇ ತಿಳಿಯದು.

ಪ್ರಿಂಟರ್ ಕೊಳ್ಳುವಾಗಲೂ ಲೆಕ್ಕ ಬೇಕು. ಅಗ್ಗದ ಲೇಬಲ್ ಪ್ರಿಂಟರ್‌ಗಳು ಸಾಮಾನ್ಯವಾಗಿ ಇಂಚಿಗೆ 203 ಚುಕ್ಕೆಗಳವು, ಅಂದರೆ ಮಿಲಿಮೀಟರಿಗೆ 8. ಪ್ರಮಾಣಬದ್ಧ ಗಾತ್ರದಲ್ಲಿ ಅತಿ ಸಣ್ಣ ಗೀರಿನ ಅಗಲ 0.33 ಮಿಲಿಮೀಟರ್. ಅದು 8ರ ಲೆಕ್ಕದಲ್ಲಿ ಪೂರ್ಣ ಚುಕ್ಕೆಗಳಾಗಿ ಬರುವುದಿಲ್ಲ. ಎರಡು ಚುಕ್ಕೆ ಇಟ್ಟರೆ 0.25 ಮಿಲಿಮೀಟರ್, ಇದು ಅನುಮತಿಸಿದ ಕನಿಷ್ಠಕ್ಕಿಂತ ಕಡಿಮೆ. ಮೂರು ಚುಕ್ಕೆ ಇಟ್ಟರೆ 0.375, ಆಗ ಬಾರ್‌ಕೋಡಿನ ಅಗಲ ಸುಮಾರು 42 ಮಿಲಿಮೀಟರಿಗೆ ಏರುತ್ತದೆ. ಆದುದರಿಂದ ಆ ಯಂತ್ರವಿದ್ದವರು ಐದು ಸೆಂಟಿಮೀಟರ್ ಅಗಲದ ಚೀಟಿಯನ್ನೇ ಆರಿಸಬೇಕು. ಇಂಚಿಗೆ 300 ಚುಕ್ಕೆಗಳ ಯಂತ್ರದಲ್ಲಿ ನಾಲ್ಕು ಚುಕ್ಕೆ ಪ್ರಮಾಣಬದ್ಧ ಅಳತೆಗೆ ಬಹುತೇಕ ಸರಿಹೊಂದುತ್ತದೆ. ಗಣಕದಲ್ಲಿ ಚಿತ್ರವನ್ನು ಮನಬಂದಂತೆ ಎಳೆದು ಕಿರಿದು ಮಾಡಿ ಮುದ್ರಿಸಿದಾಗ ಯಂತ್ರ ಓದದಿರುವುದಕ್ಕೆ ಇದೇ ಕಾರಣ.

ಬಣ್ಣದ ವಿಷಯದಲ್ಲಿ ಈ ಸೀಮೆಗೆ ವಿಶೇಷ ಎಚ್ಚರಿಕೆ ಬೇಕು. ಅಂಗಡಿಯ ಸ್ಕ್ಯಾನರುಗಳು ಹೆಚ್ಚಾಗಿ ಕೆಂಪು ಬೆಳಕಿನಲ್ಲಿ ಓದುತ್ತವೆ. ಕೆಂಪು ಬೆಳಕಿಗೆ ಕೆಂಪು ಗೀರು ಬಿಳಿಯಂತೆಯೇ ಕಾಣುತ್ತದೆ. ಲಂಬಾಣಿ ಕಸೂತಿಯ ಕೆಂಪಿಗೆ ಒಪ್ಪಲೆಂದು ಗೀರುಗಳನ್ನೂ ಕೆಂಪಾಗಿ ಮುದ್ರಿಸಿದರೆ ಅಂಥ ಯಂತ್ರದ ಪಾಲಿಗೆ ಅದು ಖಾಲಿ ಕಾಗದ. ಕಪ್ಪು, ಕಡುನೀಲಿ, ಕಡುಹಸಿರು ಗೀರುಗಳು ಸರಿ; ಹಿನ್ನೆಲೆ ಬಿಳಿ ಅಥವಾ ತಿಳಿಹಳದಿ ಇರಲಿ. ಅದಿರಿನ ಕೆಂಧೂಳು ಕಪ್ಪು ಗೀರಿನ ಮೇಲೆ ಕುಳಿತರೂ ಇದೇ ತೊಂದರೆ. ಗೀರಿಗೂ ಬಿಳಿಗೂ ಅಂತರ ಕಡಿಮೆಯಾಗುತ್ತದೆ. ಲಾರಿಗಳು ಓಡುವ ರಸ್ತೆಯ ಬದಿಯ ಅಂಗಡಿಯಲ್ಲಿ ಚೀಟಿಯನ್ನು ಒರೆಸಿದ ಮೇಲೆಯೇ ಯಂತ್ರಕ್ಕೆ ತೋರಿಸುವುದು ಒಳ್ಳೆಯದು.

ಕಾಗದದ ಆಯ್ಕೆ, ಕಸದ ಲೆಕ್ಕ

ಮುದ್ರಣದ ಮೂರು ದಾರಿಗಳಿವೆ. ಮೊದಲನೆಯದು ಶಾಖಕ್ಕೆ ಕಪ್ಪಾಗುವ ಥರ್ಮಲ್ ಕಾಗದ. ಶಾಯಿಯೂ ಬೇಡ, ರಿಬ್ಬನ್ನೂ ಬೇಡ, ಕೆಲಸ ಶೀಘ್ರ. ಆದರೆ ಬಿಸಿಲು, ಎಣ್ಣೆ, ಬಿಸಿಗೆ ಅದು ನಿಲ್ಲದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ ಸೀಮೆಯಲ್ಲಿ ಕಿಟಕಿಯ ಬಳಿ ತೂಗುಹಾಕಿದ ಬಟ್ಟೆಯ ಚೀಟಿ ಕೆಲವು ತಿಂಗಳಲ್ಲಿ ಮಂಕಾಗುತ್ತದೆ. ಇನ್ನೊಂದು ಮಾತು: ಈ ಕಾಗದದ ಲೇಪದಲ್ಲಿ ಬಿಸ್ಫೀನಾಲ್-ಎ ಎಂಬ ರಾಸಾಯನಿಕವನ್ನು ಬಳಸುವ ರೂಢಿ ಇದೆ. ದೇಹದ ಹಾರ್ಮೋನುಗಳನ್ನು ಕಲಕುವ ಈ ವಸ್ತುವನ್ನು ಐರೋಪ್ಯ ಒಕ್ಕೂಟ 2020ರ ಜನವರಿಯಿಂದ ಥರ್ಮಲ್ ಕಾಗದದಲ್ಲಿ ತೂಕದ ಶೇಕಡ 0.02ಕ್ಕೆ ಮಿತಿಗೊಳಿಸಿತು. ಅದರ ಬದಲಿಗೆ ಬಂದ ಬಿಸ್ಫೀನಾಲ್-ಎಸ್ ಕೂಡ ಅದೇ ಕುಲದ್ದು. ದಿನವಿಡೀ ಚೀಟಿ-ಬಿಲ್ಲುಗಳನ್ನು ಮುಟ್ಟುವುದು ಗಲ್ಲಾದಲ್ಲಿ ಕುಳಿತ ಹುಡುಗಿಯ ಬೆರಳು. ಫೀನಾಲ್ ಇಲ್ಲದ ಕಾಗದವನ್ನೇ ಕೇಳಿ ತರಿಸುವುದು ಸಂಘಗಳ ಕರ್ತವ್ಯ.

ಎರಡನೆಯದು ರಿಬ್ಬನ್ ಮೂಲಕ ಶಾಯಿಯನ್ನು ಒತ್ತುವ ವಿಧಾನ. ಇದು ಬಹುಕಾಲ ಬಾಳುತ್ತದೆ. ಮೇಣದ ರಿಬ್ಬನ್ ಸಾಮಾನ್ಯ ಕಾಗದಕ್ಕೆ ಸಾಕು. ಉಜ್ಜಿದರೂ ಅಳಿಯಬಾರದೆಂದರೆ ಮೇಣ-ರಾಳ ಬೆರೆತದ್ದು ಬೇಕು. ಆದರೆ ರಿಬ್ಬನ್ ಎಂಬುದು ಪಾಲಿಯೆಸ್ಟರ್ ಹಾಳೆ; ಒಮ್ಮೆ ಓಡಿದರೆ ಮುಗಿಯಿತು, ಕಸದ ಬುಟ್ಟಿಗೆ. ಅಂಟುಚೀಟಿಯಾದರೆ ಅದರ ಹಿಂಬದಿಯ ನುಣುಪು ಕಾಗದವೂ ಕಸವೇ. ಸಿಲಿಕೋನ್ ಲೇಪ ಇರುವುದರಿಂದ ರದ್ದಿ ಕಾಗದದವರು ಅದನ್ನು ಒಲ್ಲರು. ಹೊಳೆಯುವ ಪಿವಿಸಿ ಚೀಟಿಗಳಂತೂ ಹಿತ್ತಲಲ್ಲಿ ಸುಟ್ಟಾಗ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯನ್ನೂ ಡಯಾಕ್ಸಿನನ್ನೂ ಬಿಡುತ್ತವೆ. 2022ರ ಜುಲೈ 1ರಿಂದ ದೇಶದಲ್ಲಿ ಜಾರಿಯಾದ ಒಮ್ಮೆ ಬಳಸುವ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಚೀಟಿಗಳು ಸೇರಿಲ್ಲ. ಕಾನೂನು ಬಿಟ್ಟಿದೆಯೆಂದು ತುಂಗಭದ್ರೆಯ ದಡ ಬಿಟ್ಟೀತೇ?

ಮೂರನೆಯ ದಾರಿ ಅತಿ ಸರಳ, ಆದುದರಿಂದಲೇ ಮಾರಾಟಗಾರರು ಅದನ್ನು ಹೇಳುವುದಿಲ್ಲ. ಊರಿನ ಡಿಟಿಪಿ ಕೇಂದ್ರದ ಲೇಸರ್ ಪ್ರಿಂಟರಿನಲ್ಲಿ ತುಸು ದಪ್ಪದ ಸಾದಾ ಕಾಗದದ ಮೇಲೆ ಮುದ್ರಿಸಿ, ಕತ್ತರಿಸಿ, ತೂತು ಹಾಕಿ, ಹತ್ತಿ ದಾರದಿಂದ ಕಟ್ಟುವುದು. ಎ4 ಹಾಳೆಯೊಂದರಲ್ಲಿ ಸುಮಾರು 70 ಮಿಲಿಮೀಟರ್ ಅಗಲ, 37 ಮಿಲಿಮೀಟರ್ ಎತ್ತರದ 24 ಚೀಟಿಗಳು ಹಿಡಿಯುತ್ತವೆ. ಪ್ರಮಾಣಬದ್ಧ ಗಾತ್ರದ ಬಾರ್‌ಕೋಡಿನ ಪಕ್ಕದಲ್ಲಿ ಹೆಸರು, ಊರು, ಬೆಲೆಗೆ ಬೇಕಾದಷ್ಟು ಜಾಗ ಉಳಿಯುತ್ತದೆ. ಟೋನರಿನ ಗೀರು ಬಿಸಿಲಿಗೆ ಮಾಸದು. ಕನ್ನಡಿ ಚೂರು, ಕವಡೆ ಹೊಲಿದ ಬಟ್ಟೆಗೆ ಅಂಟು ತಾಗಿಸುವುದೇ ತಪ್ಪು; ಆನೆಗೊಂದಿಯ ಬಾಳೆನಾರಿನ ಬುಟ್ಟಿಗೂ ದಾರದ ಚೀಟಿಯೇ ತಕ್ಕುದು. ತಿಂಗಳಿಗೆ ಕೆಲವು ನೂರು ವಸ್ತು ಮಾರುವ ಅಂಗಡಿಗೆ ಸ್ವಂತ ಲೇಬಲ್ ಪ್ರಿಂಟರ್ ಬೇಕಾಗಿಯೇ ಇಲ್ಲ. ಒಂದು ಸ್ಕ್ಯಾನರ್, ಒಂದು ಕಂಪ್ಯೂಟರ್, ತಿಂಗಳಿಗೊಮ್ಮೆ ಕೆಲವು ಹಾಳೆಗಳ ಮುದ್ರಣ ಇಷ್ಟೇ ಸಾಕು. ಬೆಲ್ಲದಂತಹ ನೀರೂರುವ ಮಾಲಿನ ಪೊಟ್ಟಣಕ್ಕೆ ಮಾತ್ರ ರಿಬ್ಬನ್ನಿನ ಚೀಟಿಯನ್ನು ಒಪ್ಪಬಹುದು. ಅದೂ ಕಾಗದದ್ದೇ ಆಗಿರಲಿ.

ಎಲ್ಲಕ್ಕೂ ಚೀಟಿ ಬೇಕೇ?

ಬೇಡ. ತೂಕದ ಮೇಲೆ ಮಾರುವ ಕಂಪ್ಲಿಯ ಅಕ್ಕಿಗೆ ಚೀಲಕ್ಕೊಂದು ಗುರುತು ಸಾಕು, ಕಿಲೋಗೊಂದು ಬೇಡ. ಬಾಳೆಹಣ್ಣಿಗೆ ಪ್ರಕೃತಿಯೇ ಸಿಪ್ಪೆಯ ಪೊಟ್ಟಣ ಕೊಟ್ಟಿದೆ; ಅದರ ಮೇಲೆ ಅಂಟುಚೀಟಿ ಹಚ್ಚಿದರೆ ಸಿಪ್ಪೆಯ ಗೊಬ್ಬರದಲ್ಲಿ ಪ್ಲಾಸ್ಟಿಕ್ ಚೂರು ಸೇರುವುದಷ್ಟೇ ಲಾಭ. ಅಕ್ಕಿ, ಬೇಳೆ, ಬಾಳೆ, ತೆಂಗುಗಳ ಬಾರ್‌ಕೋಡುಗಳನ್ನೆಲ್ಲ ಒಂದು ರಟ್ಟಿನ ಮೇಲೆ ಮುದ್ರಿಸಿ ಗಲ್ಲಾದ ಪಕ್ಕ ತೂಗುಹಾಕಿದರೆ ಯಂತ್ರ ಅಲ್ಲಿಂದಲೇ ಓದುತ್ತದೆ. ತೂಕವನ್ನು ಕೈಯಿಂದ ಹೊಡೆದರಾಯಿತು. ಒಂದು ರಟ್ಟು ವರ್ಷವಿಡೀ ಸಾವಿರಾರು ಚೀಟಿಗಳ ಕೆಲಸ ಮಾಡುತ್ತದೆ. ಚೀಟಿ ಬೇಕಾದದ್ದು ಒಂದೊಂದೂ ಬೇರೆ ಬೇರೆಯಾದ, ಒಬ್ಬೊಬ್ಬರ ಕೈಯಿಂದ ಬಂದ ವಸ್ತುಗಳಿಗೆ ಮಾತ್ರ.

ಅಂಥ ವಸ್ತುಗಳ ಮೇಲೆ ಗೀರುಗಳಿಗಿಂತ ದೊಡ್ಡದಾಗಿ ಕಾಣಬೇಕಾದದ್ದು ಕನ್ನಡದ ಅಕ್ಷರಗಳು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದೊಂದಿಗೆ ಸೇರಿದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ 1755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಬಾರ್‌ಕೋಡನ್ನು ಯಂತ್ರದಲ್ಲಿ ತಯಾರಾದ ನಕಲಿಗೂ ಅಂಟಿಸಬಹುದು. ಅದನ್ನು ತಡೆಯುವ ಶಕ್ತಿ ಗೀರುಗಳಿಗಿಲ್ಲ. ಭೌಗೋಳಿಕ ಸೂಚಿ ಕಾಯಿದೆಯಡಿ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರಿಗೆ ಮಾತ್ರ ಆ ಹೆಸರು ಬಳಸುವ ಹಕ್ಕಿದೆ. ಚೀಟಿಯಲ್ಲಿ ಅಗ್ರಸ್ಥಾನ ಸಲ್ಲಬೇಕಾದದ್ದು ಆ ಹೆಸರಿಗೆ, ತಾಂಡಾದ ಹೆಸರಿಗೆ. ಒಪ್ಪಿದರೆ ಹೊಲಿದವಳ ಹೆಸರಿಗೆ. ಗೀರುಗಳು ಕೆಳಗಿರಲಿ.

ಅದಿರಿಗೆ ಇಲ್ಲದ ಲೆಕ್ಕ

ಸಂಡೂರಿನ ಗುಡ್ಡಗಳಲ್ಲಿ ನಿಂತು ನೋಡಿದಾಗ ಈ ಪುಟ್ಟ ಚೀಟಿಯ ಮಾತಿಗೆ ಇನ್ನೊಂದು ಅರ್ಥ ಬರುತ್ತದೆ. ಲೋಕಾಯುಕ್ತರ 2011ರ ವರದಿಯ ಪ್ರಕಾರ 2006ರಿಂದ 2010ರ ನಡುವೆ ಸುಮಾರು 2.98 ಕೋಟಿ ಟನ್ ಕಬ್ಬಿಣದ ಅದಿರು ಸರಿಯಾದ ಪರವಾನಿಗೆಯಿಲ್ಲದೆ ರಫ್ತಾಯಿತು. ಅದೇ ವರ್ಷದ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು; 2013ರ ಏಪ್ರಿಲ್ 18ರ ತೀರ್ಪು ನಿಬಂಧನೆಗಳೊಡನೆ ಅದನ್ನು ಮುಂದುವರಿಸಲು ಅವಕಾಶ ನೀಡಿತು. ಒಂದು ಕಸೂತಿ ಚೀಲಕ್ಕೆ ಹದಿಮೂರು ಅಂಕಿಯ ಲೆಕ್ಕ ಕೇಳುವ ಮಾರುಕಟ್ಟೆ ಗುಡ್ಡಕ್ಕೆ ಗುಡ್ಡವೇ ಲಾರಿಯಲ್ಲಿ ಹೋಗುವಾಗ ಲೆಕ್ಕ ಕೇಳಿರಲಿಲ್ಲ. ಬಡವರ ಮಾಲಿಗೆ ಕಟ್ಟುನಿಟ್ಟಿನ ಗುರುತು, ಬಲ್ಲಿದರ ಮಾಲಿಗೆ ಕಣ್ಣುಮುಚ್ಚಾಲೆ, ಇದು ಬಹುಕಾಲದ ರೀತಿ.

ಇದರಿಂದ ಗುರುತೇ ಬೇಡವೆಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಬರಬೇಕಾದ ತೀರ್ಮಾನ ಬೇರೆ: ಸಂಖ್ಯೆಯಾಗಲಿ ಮುದ್ರೆಯಾಗಲಿ ತನ್ನಷ್ಟಕ್ಕೆ ಸತ್ಯವನ್ನು ಕಾಯುವುದಿಲ್ಲ. ಕಾಯುವುದು ಅದನ್ನು ಓದಿ ಪ್ರಶ್ನಿಸುವ ಜನ. ಪರವಾನಿಗೆಯ ಕಾಗದಗಳು ಆಗಲೂ ಇದ್ದವು. ಅವುಗಳನ್ನು ಎಲ್ಲ ಕಡೆಯೂ ತಾಳೆ ನೋಡುವವರಿರಲಿಲ್ಲ. ಅಂಗಡಿಯ ಚೀಟಿಯ ಹಣೆಬರಹವೂ ಅಷ್ಟೇ. ತಾಂಡಾದ ಮಹಿಳೆ ತಿಂಗಳಿಗೊಮ್ಮೆ ತನ್ನ ಸಂಖ್ಯೆಯ ಲೆಕ್ಕ ಕೇಳಿದರೆ ಅದು ಆಕೆಯ ಕೈಯ ಅಸ್ತ್ರ. ಕೇಳದಿದ್ದರೆ ಬೇರೆಯವರ ಕೈಯ ಅಸ್ತ್ರ.

2027ರ ಅಂತ್ಯದ ಹೊತ್ತಿಗೆ ಜಗತ್ತಿನ ಅಂಗಡಿಗಳು ಗೀರುಗಳ ಜೊತೆಗೆ ಕ್ಯೂಆರ್ ಮಾದರಿಯ ಚೌಕ ಸಂಕೇತಗಳನ್ನೂ ಗಲ್ಲಾದಲ್ಲಿ ಓದುವಂತಾಗಬೇಕೆಂದು ಜಿಎಸ್1 ಗುರಿಯಿಟ್ಟುಕೊಂಡಿದೆ. ಆಗ ಹೊಸ ಯಂತ್ರಗಳ ಮಾರಾಟಗಾರರು ಮತ್ತೆ ಬಾಗಿಲು ತಟ್ಟುವರು. ಅಷ್ಟರೊಳಗೆ ಗುಡ್ಡದ ಊರುಗಳ ಸಂಘಗಳು ಕೂಡಿ ಕುಳಿತು ನಾಲ್ಕು ವಿಷಯಗಳನ್ನು ತೀರ್ಮಾನಿಸಲಿ: ಸ್ವಂತ ಅಂಗಡಿಗೆ ಸ್ವಂತ ಸಂಖ್ಯೆ, ಹೊರಗಿನ ಮಾರುಕಟ್ಟೆಗೆ ಒಕ್ಕೂಟದ ಸಂಖ್ಯೆ, ಪ್ಲಾಸ್ಟಿಕ್ಕಿಲ್ಲದ ಕಾಗದದ ಚೀಟಿ, ಎಲ್ಲರಿಗೂ ತೆರೆದ ಲೆಕ್ಕದ ಪುಸ್ತಕ. ಕಾಲೇಜಿನ ವಿದ್ಯಾರ್ಥಿಗಳು ಪರೀಕ್ಷಾ ಅಂಕಿಯ ಲೆಕ್ಕವನ್ನೂ ಚೀಟಿಯ ವಿನ್ಯಾಸವನ್ನೂ ಮಾಡಿಕೊಡಲು ಮುಂದೆ ಬಂದರೆ ಮಾರಾಟಗಾರರನ್ನು ಕಾಯುವ ಪ್ರಮೇಯವೇ ಬಾರದು. ಬರುವ ಹಂಗಾಮಿನ ಮಾಲು ಅಂಗಡಿಗೆ ಇಳಿಯುವ ಮುನ್ನ ಈ ಕೆಲಸ ಆರಂಭವಾಗಲಿ.